ಸದ್ದು ಮಾಡುವ ತಪ್ಪೇ ವಾಸಿ

ಲಂಡನ್ನಿನ ವಾಯವ್ಯ ಭಾಗದ ಕ್ವೀನ್ಸ್‌ಬರಿ ಹೆಸರಿನಲ್ಲೇ ಹೊಸ ಊರು. 1934ರ ಡಿಸೆಂಬರ್ 16ರಂದು ರೈಲು ನಿಲ್ದಾಣ ತೆರೆಯುವ ಕಾಲಕ್ಕೆ, ಪಕ್ಕದ ಕಿಂಗ್ಸ್‌ಬರಿಗೆ ಜೋಡಿಯಾಗಲೆಂದು ಇಟ್ಟ ಹೆಸರದು. ನಿಲ್ದಾಣ ಮೊದಲು ಮೆಟ್ರೊಪಾಲಿಟನ್ ಮಾರ್ಗದಲ್ಲಿತ್ತು. 1939ರಲ್ಲಿ ಬೇಕರ್ಲೂ ಮಾರ್ಗಕ್ಕೆ, 1979ರಲ್ಲಿ ಜ್ಯೂಬಿಲಿ ಮಾರ್ಗಕ್ಕೆ ಸೇರಿತು. ಈಗ ಜ್ಯೂಬಿಲಿಯ 27 ನಿಲ್ದಾಣಗಳಲ್ಲಿ, ಸ್ಟ್ಯಾನ್‌ಮೋರ್ ತುದಿಯಿಂದ ಎಣಿಸಿದರೆ, ಇದು ಮೂರನೆಯದು. ಈ ನಿಲ್ದಾಣಗಳ ವಿವರ ತುಂಬಿಟ್ಟ ಒಂದು ಡೇಟಾಬೇಸ್ ಇದೆ, ಬಳಕೆದಾರರು ಕೊಟ್ಟ ಹೆಸರನ್ನು ಎರಡು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ಅದನ್ನು ಹುಡುಕುವ ಪುಟ್ಟ ಪ್ರೋಗ್ರಾಂ ಒಂದಿದೆ ಎಂದುಕೊಳ್ಳೋಣ. ಸ್ಟ್ಯಾನ್‌ಮೋರ್ ಎಂದು ಕೊಟ್ಟರೆ ಉತ್ತರ ಬರುತ್ತದೆ. ಕ್ಯಾನನ್ಸ್ ಪಾರ್ಕ್, ಕ್ವೀನ್ಸ್‌ಬರಿ, ಕಿಂಗ್ಸ್‌ಬರಿ, ವೆಂಬ್ಲಿ ಪಾರ್ಕ್, ಹೀಗೆ ಸ್ವಿಸ್ ಕಾಟೇಜ್‌ವರೆಗೆ ಹನ್ನೆರಡು ನಿಲ್ದಾಣಗಳು ಸಲೀಸಾಗಿ ಸಿಗುತ್ತವೆ. ಹದಿಮೂರನೆಯದು ಸೇಂಟ್ ಜಾನ್ಸ್ ವುಡ್. ಇಂಗ್ಲಿಷಿನಲ್ಲಿ ಬರೆಯುವಾಗ 'ಜಾನ್' ಆದ ಮೇಲೆ ಒಂದು ಅಪಾಸ್ಟ್ರಫಿ ಬರುತ್ತದೆ. ಈ ಮಾರ್ಗದಲ್ಲಿ ಆ ಚಿಹ್ನೆ ಇರುವ ಹೆಸರು ಇದೊಂದೇ. ಒಂಟಿ ಉದ್ಧರಣ ಚಿಹ್ನೆಯೂ ಅದೇ ಆದ್ದರಿಂದ, ಡೇಟಾಬೇಸ್ ಅದನ್ನು ಕಂಡು ಹೆಸರು 'ಸೇಂಟ್ ಜಾನ್' ಎಂಬಲ್ಲಿಗೆ ಮುಗಿಯಿತೆಂದು ತಿಳಿಯುತ್ತದೆ. ಮುಂದೆ ಉಳಿದ 'ಸ್ ವುಡ್' ಅದಕ್ಕೆ ತಲೆಬುಡ ಇಲ್ಲದ ಮಾತು. 'ಸ್' ಹತ್ತಿರ ಸಿಂಟ್ಯಾಕ್ಸ್ ತಪ್ಪಿದೆ ಎಂದು ಅದು ನಿಂತುಬಿಡುತ್ತದೆ.

ನಿನ್ನೆಯವರೆಗೆ ಓಡುತ್ತಿದ್ದ ಕ್ವೆರಿ, ಅಂದರೆ ಡೇಟಾಬೇಸಿಗೆ ಹಾಕುವ ಪ್ರಶ್ನೆ, ಇವತ್ತು ಹೀಗೆ ನಿಂತಾಗ, ಹೇಗಾದರೂ ಮಾಡಿ ಆ ಎರರ್ ಹೋಗಲಿ ಎನ್ನಿಸುವುದು ಸಹಜ. ಇಡೀ ಗಂಡಾಂತರ ಹುಟ್ಟುವುದು ಆ 'ಹೇಗಾದರೂ ಮಾಡಿ' ಎಂಬಲ್ಲಿ. ಕ್ವೆರಿ ಕಂಪೈಲ್ ಆಗದಿರುವುದು, ಅಂದರೆ ಓಡುವ ಮುನ್ನದ ಪರೀಕ್ಷೆಯಲ್ಲೇ ನಿಲ್ಲುವುದು, ಡೇಟಾಬೇಸ್ ಕೆಲಸದಲ್ಲಿ ಸಿಗುವ ಅತಿ ಅಗ್ಗದ ಎಚ್ಚರಿಕೆ. ಆ ಹೊತ್ತಿಗೆ ಒಂದು ದಾಖಲೆಯೂ ಬದಲಾಗಿರುವುದಿಲ್ಲ, ಯಾರಿಗೂ ತಪ್ಪು ಲೆಕ್ಕ ಹೋಗಿರುವುದಿಲ್ಲ. ಅದರ ಕಾರಣ ತಿಳಿಯದೆ ಬಾಯಿ ಮುಚ್ಚಿಸಿದರೆ ತಪ್ಪು ಹೋಗುವುದಿಲ್ಲ. ಕಾಣುವ ಜಾಗದಿಂದ ಕಾಣದ ಜಾಗಕ್ಕೆ ಸರಿಯುತ್ತದೆ, ಅಷ್ಟೆ. ಹಾಗಾಗಿ ಕಂಪೈಲ್ ಎರರ್ ಸರಿಪಡಿಸುವುದೆಂದರೆ ಅದನ್ನು ಮಾಯ ಮಾಡುವುದಲ್ಲ. ನಮ್ಮ ತಪ್ಪುಗಳಲ್ಲಿ ಸಾಧ್ಯವಾದಷ್ಟು ಕಂಪೈಲ್ ಹೊತ್ತಿಗೇ ಸಿಕ್ಕಿಬೀಳುವಂತೆ ಕ್ವೆರಿ ಬರೆಯುವುದೂ ಅದೇ ಕೆಲಸದ ಭಾಗ ಎಂಬುದು ನನ್ನ ವಾದ.

ಹಿನ್ನೆಲೆ ಸ್ವಲ್ಪ ತಿಳಿದರೆ ಅನುಕೂಲ. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಹುಟ್ಟಿ ಅಮೆರಿಕದ ಐಬಿಎಂ ಸೇರಿದ ಎಡ್ಗರ್ ಕಾಡ್ 1970ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮಾಹಿತಿಯನ್ನು ಸಾಲು ಮತ್ತು ಕಾಲಂಗಳ ಟೇಬಲ್‌ಗಳಾಗಿ ಇಡಬೇಕು, ಏನು ಬೇಕೆಂದು ಹೇಳಿದರೆ ಸಾಕು, ಅದು ಡಿಸ್ಕಿನಲ್ಲಿ ಎಲ್ಲಿದೆ ಎಂಬ ಚಿಂತೆ ಕೇಳುವವರಿಗೆ ಇರಬಾರದು ಎಂಬುದು ಅದರ ತಿರುಳು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಹಾಗೆ ಕೇಳುವುದಕ್ಕೊಂದು ಭಾಷೆ ಕೊಟ್ಟರು. ಸೀಕ್ವೆಲ್ ಎಂಬ ಅದರ ಮೊದಲ ಹೆಸರು ಹಾಕರ್ ಸಿಡ್ಲಿ ಎಂಬ ಬ್ರಿಟಿಷ್ ವಿಮಾನ ಕಂಪನಿಯ ಟ್ರೇಡ್‌ಮಾರ್ಕ್ ಆಗಿದ್ದರಿಂದ ಎಸ್‌ಕ್ಯೂಎಲ್ ಎಂದು ಮೊಟಕಾಯಿತು. ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಬಳಸಬೇಕು ಎಂಬ ಆಸೆಯಿಂದ ಅದನ್ನು ಇಂಗ್ಲಿಷ್ ವಾಕ್ಯದ ಹಾಗೆ ಕಟ್ಟಿದರು: ಸೆಲೆಕ್ಟ್ ಇಂಥದ್ದು, ಫ್ರಮ್ ಇಂಥ ಟೇಬಲ್, ವೇರ್ ಇಂಥ ಷರತ್ತು. ಓದುವುದಕ್ಕೆ ಸುಲಭವಾದ ಈ ರೂಪವೇ ಒಂದು ಗೊಂದಲಕ್ಕೂ ದಾರಿ ಮಾಡಿತು. ನಾವು ಸೆಲೆಕ್ಟ್ ಎಂದು ಮೊದಲು ಬರೆಯುತ್ತೇವೆ. ಅರ್ಥದ ಲೆಕ್ಕದಲ್ಲಿ ಮೊದಲು ಬರುವುದು ಫ್ರಮ್, ಆಮೇಲೆ ವೇರ್, ಗುಂಪು ಮಾಡುವ ಗ್ರೂಪ್ ಬೈ ಅದರ ನಂತರ, ಸೆಲೆಕ್ಟ್ ಸರದಿ ಅದಕ್ಕೂ ಮೇಲೆ. ಸೆಲೆಕ್ಟ್‌ನಲ್ಲಿ ಬೆಲೆ ಮತ್ತು ತೆರಿಗೆ ಕೂಡಿಸಿ 'ಒಟ್ಟು' ಎಂದು ಹೆಸರಿಟ್ಟು, ವೇರ್‌ನಲ್ಲಿ 'ಒಟ್ಟು ನೂರಕ್ಕಿಂತ ಹೆಚ್ಚು' ಎಂದು ಕೇಳಿದರೆ 'ಒಟ್ಟು' ಎಂಬ ಕಾಲಂ ಇಲ್ಲ ಎಂಬ ಉತ್ತರ ಬರುತ್ತದೆ. ಕಣ್ಣೆದುರೇ ಇದೆಯಲ್ಲ ಎಂದು ಹೊಸಬರು ತಲೆ ಕೆಡಿಸಿಕೊಳ್ಳುತ್ತಾರೆ. ವೇರ್ ನೋಡುವ ಹೊತ್ತಿಗೆ ಆ ಹೆಸರು ಇನ್ನೂ ಹುಟ್ಟಿರಲಿಲ್ಲ ಎಂದು ತಿಳಿದವರಿಗೆ ಆ ಎರರ್ ಜೀವನದಲ್ಲಿ ಮತ್ತೆ ಕಾಡುವುದಿಲ್ಲ.

ಕ್ವೆರಿ ಓಡುವ ಮುನ್ನ ಡೇಟಾಬೇಸ್ ಅದನ್ನು ಸ್ಥೂಲವಾಗಿ ಮೂರು ಹಂತಗಳಲ್ಲಿ ಪರೀಕ್ಷಿಸುತ್ತದೆ. ಪದಗಳು ವ್ಯಾಕರಣದ ಪ್ರಕಾರ ಕೂತಿವೆಯೇ ಎಂಬುದು ಮೊದಲನೆಯದು. ಟೇಬಲ್, ಕಾಲಂಗಳ ಹೆಸರು ನಿಜವಾಗಿ ಇವೆಯೇ, ಕೇಳಿದವರಿಗೆ ಅವನ್ನು ನೋಡುವ ಅಧಿಕಾರವಿದೆಯೇ ಎಂಬುದು ಎರಡನೆಯದು. ದಿನಾಂಕದ ಜೊತೆ ಹೆಸರನ್ನು ಹೋಲಿಸುವಂಥ ಹೊಂದದ ಜೋಡಿ ಎಲ್ಲಾದರೂ ಇದೆಯೇ ಎಂಬುದು ಮೂರನೆಯದು. ಇಷ್ಟಾದ ಮೇಲೆ ದಾಖಲೆ ಹುಡುಕುವ ಯೋಜನೆ ಸಿದ್ಧವಾಗುತ್ತದೆ. ಯಾವ ಹಂತದಲ್ಲಿ ನಿಂತಿತು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಸಿಂಟ್ಯಾಕ್ಸ್ ಎಂದು ಬಂದರೆ ಅಲ್ಪವಿರಾಮ, ಆವರಣ, ಉದ್ಧರಣ ಚಿಹ್ನೆ ನೋಡಬೇಕು. ಟೇಬಲ್ ಇದೆಯೇ ಇಲ್ಲವೇ ಎಂದು ಹುಡುಕಿ ಉಪಯೋಗವಿಲ್ಲ, ಡೇಟಾಬೇಸ್ ಇನ್ನೂ ಅಲ್ಲಿಗೆ ಹೋಗಿಯೇ ಇಲ್ಲ. ಇನ್ನೊಂದು ವಿಷಯ, ಎರರ್ ತೋರಿಸುವ ಜಾಗ ತಪ್ಪು ನಡೆದ ಜಾಗವೇ ಆಗಿರಬೇಕಿಲ್ಲ. ಡೇಟಾಬೇಸ್ ಎಡದಿಂದ ಬಲಕ್ಕೆ ಓದುತ್ತ, ಇನ್ನು ಮುಂದೆ ಹೋಗಲಾರೆ ಎನಿಸಿದ ಪದಕ್ಕೆ ಬೆರಳು ತೋರಿಸುತ್ತದೆ. ಬಿಟ್ಟುಹೋದ ಅಲ್ಪವಿರಾಮ ಅದಕ್ಕೂ ಹಿಂದಿನ ಸಾಲಿನಲ್ಲಿ ಇರಬಹುದು. ಹಾಗಾಗಿ ತೋರಿಸಿದ ಜಾಗದಿಂದ ಹಿಂದಕ್ಕೆ ಓದಬೇಕು. ಒಂದೇ ಬಾರಿಗೆ ಹತ್ತು ಎರರ್ ಬಂದರೆ ಮೊದಲನೆಯದನ್ನಷ್ಟೇ ಸರಿಮಾಡಿ ಮತ್ತೆ ಓಡಿಸಬೇಕು. ಉಳಿದವುಗಳಲ್ಲಿ ಬಹುಪಾಲು ಆ ಮೊದಲನೆಯದರ ಮರಿಗಳು.

ಇದಕ್ಕೆ ಬರುವ ಮೊದಲ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ: ಮೆಸೇಜುಗಳು ಅರ್ಥವಾಗುವಂತಿದ್ದರೆ ತಾನೇ ಓದುವುದು? ನಿಜ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪಿಎಸ್‌ಕ್ಯೂಎಲ್ ಕಿಟಕಿಯಲ್ಲಿ ಆ ಸೇಂಟ್ ಜಾನ್ಸ್ ವುಡ್ ಕ್ವೆರಿಯನ್ನು ಟೈಪ್ ಮಾಡಿದರೆ ಮೊದಲಿಗೆ ಎರರ್ ಕೂಡ ಬರುವುದಿಲ್ಲ. ತೆರೆದ ಉದ್ಧರಣ ಚಿಹ್ನೆ ಮುಚ್ಚಲಿ ಎಂದು ಅದು ಕಾಯುತ್ತದೆ. ಸಾಲಿನ ಆರಂಭದಲ್ಲಿ ಸಮ ಚಿಹ್ನೆಯ ಬದಲು ಒಂದು ಸಣ್ಣ ಉದ್ಧರಣ ಚಿಹ್ನೆ ಕಾಣಿಸುವುದೊಂದೇ ಸುಳಿವು. ಅದನ್ನು ಗಮನಿಸದವರು ಎಂಟರ್ ಒತ್ತುತ್ತಲೇ ಇರುತ್ತಾರೆ. ಒರಾಕಲ್‌ನ 00942 ಎಂಬ ಸಂಖ್ಯೆಯ ಎರರ್ 'ಟೇಬಲ್ ಅಥವಾ ವ್ಯೂ ಇಲ್ಲ' ಎನ್ನುತ್ತದೆ. ಟೇಬಲ್ ಇದ್ದರೂ ನಿಮಗೆ ಅದನ್ನು ನೋಡುವ ಅಧಿಕಾರವಿಲ್ಲದಿದ್ದಾಗ ಬರುವುದೂ ಅದೇ ಮಾತು, ಏಕೆಂದರೆ ಇಂಥ ಟೇಬಲ್ ಇದೆ ಎಂಬ ಗುಟ್ಟನ್ನೂ ಹೊರಗಿನವರಿಗೆ ಬಿಟ್ಟುಕೊಡಬಾರದು. ಕಾಗುಣಿತ ಹತ್ತು ಸಲ ನೋಡಿ ಸರಿಯಾಗಿದ್ದರೆ ಅಧಿಕಾರ ಕೊಡುವವರನ್ನು ಕೇಳಬೇಕು. ಇನ್ನೂ ಪೇಚಿಗೆ ಸಿಲುಕಿಸುವುದು ಕಣ್ಣಿಗೆ ಕಾಣದ ಅಕ್ಷರಗಳು. ವರ್ಡ್ ಕಡತದಿಂದಲೋ ಚಾಟ್‌ನಿಂದಲೋ ನಕಲು ಮಾಡಿ ಅಂಟಿಸಿದ ಕ್ವೆರಿಯಲ್ಲಿ ಮಾಮೂಲಿ ಖಾಲಿ ಜಾಗದ ಬದಲು, ಸಾಲು ಒಡೆಯದಂತೆ ಹಿಡಿದಿಡುವ ಬೇರೊಂದು ಖಾಲಿ ಜಾಗ ಬಂದು ಕೂತಿರುತ್ತದೆ. ನೆಟ್ಟಗಿನ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿರುತ್ತದೆ. ಆಗ 'ಸೆಲೆಕ್ಟ್' ಎಂಬ, ನೂರಕ್ಕೆ ನೂರು ಸರಿಯಾಗಿ ಕಾಣುವ ಪದದ ಬಳಿಯೇ ತಪ್ಪಿದೆ ಎಂಬ ದೂರು ಬರುತ್ತದೆ. ಆ ಸಾಲನ್ನು ಅಳಿಸಿ ಕೈಯಾರೆ ಮತ್ತೆ ಟೈಪ್ ಮಾಡುವುದೇ ಮದ್ದು. ಅಲ್ಲೂ ಗಮನಿಸಿ, ಮೆಸೇಜ್ ಸುಳ್ಳು ಹೇಳಿರಲಿಲ್ಲ. ತಪ್ಪು ಅಲ್ಲಿಯೇ ಇತ್ತು. ಒರಟು ಮಾತಿಗೆ ಸಲ್ಲಬೇಕಾದ ಪರಿಹಾರ ಮಾತನ್ನು ತಿದ್ದುವುದು, ಕೇಳಿಸಿಕೊಳ್ಳದಿರುವುದಲ್ಲ. ತಯಾರಕರೂ ಅದನ್ನು ಮಾಡುತ್ತ ಬಂದಿದ್ದಾರೆ. ಕಾಲಂ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಪೋಸ್ಟ್‌ಗ್ರೆಸ್ ಈಗ ಹತ್ತಿರದ ಸರಿಯಾದ ಹೆಸರನ್ನು ಹೇಳಿ, ಪ್ರಾಯಶಃ ನಿಮಗೆ ಬೇಕಾದದ್ದು ಇದೇ ಎಂದು ಸುಳಿವು ಕೊಡುತ್ತದೆ.

ಆ ಅಪಾಸ್ಟ್ರಫಿಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು, ಏಕೆಂದರೆ ಅದನ್ನು ಸರಿಪಡಿಸಲು ಮೂರು ದಾರಿಗಳಿವೆ ಮತ್ತು ಮೂರರಲ್ಲೂ ಎರರ್ ಹೋಗುತ್ತದೆ. ಮೊದಲನೆಯದು, ಬಂದ ಹೆಸರಿನಿಂದ ಅಪಾಸ್ಟ್ರಫಿಯನ್ನು ಕಿತ್ತುಹಾಕುವುದು. ಕ್ವೆರಿ ಓಡುತ್ತದೆ, ಟೇಬಲ್‌ನಲ್ಲಿ ಅಪಾಸ್ಟ್ರಫಿ ಇರುವುದರಿಂದ ಒಂದು ಸಾಲೂ ಸಿಗುವುದಿಲ್ಲ. ಸೇಂಟ್ ಜಾನ್ಸ್ ವುಡ್ ಎಂಬ ನಿಲ್ದಾಣವೇ ಇಲ್ಲ ಎಂಬುದು ಆಗ ಕಂಪ್ಯೂಟರಿನ ಉತ್ತರ. ಸದ್ದು ಮಾಡುತ್ತಿದ್ದ ತಪ್ಪು ಈಗ ಸುಳ್ಳಾಯಿತು. ಎರಡನೆಯದು, ಒಂದು ಅಪಾಸ್ಟ್ರಫಿ ಇದ್ದಲ್ಲಿ ಎರಡು ಹಾಕುವುದು. ಎಸ್‌ಕ್ಯೂಎಲ್ ಅದನ್ನು ಒಂದೆಂದು ಓದುತ್ತದೆ, ಉತ್ತರ ಸರಿ ಬರುತ್ತದೆ. ಪ್ರೋಗ್ರಾಮಿನ ಹತ್ತು ಕಡೆ ಹೀಗೆ ಮಾಡಿ ಹನ್ನೊಂದನೆಯ ಕಡೆ ಮರೆತರೆ ಮಾತ್ರ ಕಥೆ ಬೇರೆ. ಮೂರನೆಯ ದಾರಿಯಲ್ಲಿ ಹೆಸರನ್ನು ಕ್ವೆರಿಯ ಪಠ್ಯದೊಳಗೆ ಸೇರಿಸುವುದೇ ಇಲ್ಲ. ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯಂಥ ಒಂದು ಗುರುತಿಟ್ಟು ಕ್ವೆರಿಯನ್ನು ಮೊದಲು ಕಂಪೈಲ್ ಮಾಡಿಸಿ, ಹೆಸರನ್ನು ಪ್ಯಾರಾಮೀಟರ್ ಆಗಿ ಪ್ರತ್ಯೇಕವಾಗಿ ಕಳಿಸುವುದು. ಆಗ ಹೆಸರಿನಲ್ಲಿ ಏನೇ ಇದ್ದರೂ ಡೇಟಾಬೇಸ್ ಅದನ್ನು ಆಜ್ಞೆಯೆಂದು ಓದುವುದಿಲ್ಲ. ಈ ಮೂರರ ವ್ಯತ್ಯಾಸ ತಿಳಿಯುವುದು ಆ ಎರರ್ ಏನು ಹೇಳಿತ್ತು ಎಂದು ಯೋಚಿಸಿದವರಿಗೆ ಮಾತ್ರ. ಹೊರಗಿನವರು ಬರೆದ ಅಕ್ಷರಗಳು ನಿನ್ನ ಆಜ್ಞೆಯ ಭಾಗವಾಗುತ್ತಿವೆ ಎಂದು ಅದು ಹೇಳಿತ್ತು. ಸೇಂಟ್ ಜಾನ್ಸ್ ವುಡ್ ಎಂದು ಬರೆದ ಅಮಾಯಕ ಪ್ರಯಾಣಿಕನಿಗೆ ಸಾಧ್ಯವಾದದ್ದು ಕಳ್ಳನಿಗೂ ಸಾಧ್ಯ: ಉದ್ಧರಣ ಚಿಹ್ನೆಯನ್ನು ಮುಚ್ಚಿ ಅದರ ಮುಂದೆ ತನ್ನದೇ ಆಜ್ಞೆ ಬರೆದರಾಯಿತು. ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುವುದು ಇದನ್ನೇ.

ಇದು ಪಾಠಪುಸ್ತಕದ ಭಯವಲ್ಲ. 2015ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಎಂಬ ಫೋನ್ ಮತ್ತು ಇಂಟರ್ನೆಟ್ ಕಂಪನಿಯ ಮೇಲೆ ಇದೇ ಬಗೆಯ ದಾಳಿ ನಡೆದು 1,56,959 ಗ್ರಾಹಕರ ವಿವರ ಕಳ್ಳರ ಪಾಲಾಯಿತು. ಕಂಪನಿ ಹಿಂದೆ ಕೊಂಡುಕೊಂಡಿದ್ದ ಮತ್ತೊಂದು ಸಂಸ್ಥೆಯಿಂದ ಬಳುವಳಿಯಾಗಿ ಬಂದಿದ್ದ ಹಳೆಯ ಪುಟಗಳ ಮೂಲಕ ಕಳ್ಳರು ಒಳಹೊಕ್ಕಿದ್ದರು. ಮಾಹಿತಿ ರಕ್ಷಣೆಯ ಆಯುಕ್ತರ ಕಚೇರಿ ಮರುವರ್ಷ ನಾಲ್ಕು ಲಕ್ಷ ಪೌಂಡ್ ದಂಡ ಹಾಕಿತು. ಇಂಥ ಪುಟವೊಂದರಲ್ಲಿ ಅಪಾಸ್ಟ್ರಫಿ ಇರುವ ಒಂದು ಹೆಸರು ಕೊಟ್ಟು ನೋಡಿದ್ದರೆ ಡೇಟಾಬೇಸ್ ತಾನಾಗಿಯೇ ಕೂಗಿ ಹೇಳುತ್ತಿತ್ತು. ಐರಿಷ್ ಕುಲನಾಮಗಳು ತುಂಬಿರುವ ದೇಶದಲ್ಲಿ ಅಂಥ ಹೆಸರಿಗೆ ಬರವೂ ಇಲ್ಲ.

ಕಂಪೈಲ್ ಎರರ್ ಅಗ್ಗ ಎಂದು ಏಕೆ ಹೇಳಿದೆ ಎಂಬುದಕ್ಕೆ, ಎರರ್ ಬರಬೇಕಾದಲ್ಲಿ ಬಾರದಿದ್ದರೆ ಏನಾಗುತ್ತದೆಂದು ನೋಡಿ. ಒಂದು ಸಂಘದ ಡೇಟಾಬೇಸಿನಲ್ಲಿ 'ಸದಸ್ಯರು' ಎಂಬ ಟೇಬಲ್ ಇದೆ, ಅದರಲ್ಲಿ 'ಐಡಿ' ಎಂಬ ಕಾಲಂ. ಸಂಘ ಬಿಟ್ಟವರ ಪಟ್ಟಿ 'ಹೊರಟವರು' ಎಂಬ ಇನ್ನೊಂದು ಟೇಬಲ್‌ನಲ್ಲಿದೆ. ಅಲ್ಲಿ ಅದೇ ಸಂಖ್ಯೆಗೆ 'ಸದಸ್ಯ_ಐಡಿ' ಎಂದು ಹೆಸರು. ಬಿಟ್ಟವರನ್ನು ತೆಗೆಯಬೇಕಾದವರು ಹೀಗೆ ಬರೆಯುತ್ತಾರೆ: ಡಿಲೀಟ್ ಫ್ರಮ್ ಸದಸ್ಯರು ವೇರ್ ಐಡಿ ಇನ್ (ಸೆಲೆಕ್ಟ್ ಐಡಿ ಫ್ರಮ್ ಹೊರಟವರು). 'ಹೊರಟವರು' ಟೇಬಲ್‌ನಲ್ಲಿ 'ಐಡಿ' ಎಂಬ ಕಾಲಂ ಇಲ್ಲ, ಎರರ್ ಬರಬೇಕಿತ್ತು. ಬರುವುದಿಲ್ಲ. ಒಳಗಿನ ಕ್ವೆರಿ ಹೊರಗಿನ ಟೇಬಲ್‌ನ ಕಾಲಂಗಳನ್ನೂ ಬಳಸಬಹುದು ಎಂಬುದು ಎಸ್‌ಕ್ಯೂಎಲ್‌ನ ನಿಯಮ. ಬಹಳ ಉಪಯುಕ್ತವಾದ ನಿಯಮವೂ ಹೌದು. ಡೇಟಾಬೇಸ್ ಆ 'ಐಡಿ'ಯನ್ನು 'ಸದಸ್ಯರು' ಟೇಬಲ್‌ನದೆಂದೇ ಓದಿಕೊಳ್ಳುತ್ತದೆ. ಆಗ ಷರತ್ತಿನ ಅರ್ಥ 'ಈ ಸದಸ್ಯರ ಐಡಿ ಅವರ ಐಡಿಗೆ ಸಮವೇ' ಎಂದಾಗುತ್ತದೆ, ಎಲ್ಲರಿಗೂ ಸಮವೇ. 'ಹೊರಟವರು' ಟೇಬಲ್‌ನಲ್ಲಿ ಒಬ್ಬರ ಹೆಸರಿದ್ದರೂ ಸಾಕು, ಸಂಘದ ಎಲ್ಲ ಸದಸ್ಯರೂ ಅಳಿಸಿಹೋಗುತ್ತಾರೆ. ಇದು ಯಾವುದೋ ಒಂದು ಕಂಪನಿಯ ತಂತ್ರಾಂಶದ ಐಬಲ್ಲ, ಭಾಷೆಯ ನಿಯಮಕ್ಕೆ ಬದ್ಧವಾದ ನಡತೆ. ಇದರಿಂದ ಪಾರಾಗಲು ಬೇಕಾದದ್ದು ಒಂದೇ ಅಭ್ಯಾಸ. ಪ್ರತಿ ಕಾಲಂ ಹೆಸರಿನ ಹಿಂದೆ ಅದರ ಟೇಬಲ್ ಹೆಸರನ್ನು ಚುಕ್ಕಿ ಹಾಕಿ ಬರೆಯುವುದು. ಒಳಗಡೆ 'ಹೊರಟವರು.ಐಡಿ' ಎಂದು ಬರೆದಿದ್ದರೆ ಅಂಥ ಕಾಲಂ ಇಲ್ಲ ಎಂದು ಕ್ವೆರಿ ಕಂಪೈಲ್ ಹಂತದಲ್ಲೇ ನಿಲ್ಲುತ್ತಿತ್ತು. ಮನುಷ್ಯ ಮಾಡಿದ ತಪ್ಪು ಎರಡರಲ್ಲೂ ಒಂದೇ. ಒಂದು ಬರವಣಿಗೆಯಲ್ಲಿ ಅದು ಕೆಂಪು ಸಾಲಾಗಿ ಬಂತು, ಇನ್ನೊಂದರಲ್ಲಿ ಸದಸ್ಯರೆಲ್ಲ ಹೋದರು.

ಡೇಟಾಬೇಸ್ ತಯಾರಿಸುವವರೂ ಇದೇ ಪಾಠವನ್ನು ಬೆಲೆ ತೆತ್ತು ಕಲಿತಿದ್ದಾರೆ. ನಮ್ಮ ಫೋನುಗಳಲ್ಲೆಲ್ಲ ಇರುವ ಎಸ್‌ಕ್ಯೂಲೈಟ್ ಒಂದು ಕಾಲದಲ್ಲಿ ಉದಾರವಾಗಿರಲು ಹೋಯಿತು. ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆದದ್ದು ಕಾಲಂ ಹೆಸರಾಗಿರಬೇಕು. ಆ ಹೆಸರಿನ ಕಾಲಂ ಇಲ್ಲದಿದ್ದರೆ ಎರರ್ ಕೊಡುವ ಬದಲು ಅದನ್ನು ಬರಿಯ ಪಠ್ಯವೆಂದು ಒಪ್ಪಿಕೊಳ್ಳತೊಡಗಿತು. ಫಲವಾಗಿ ಕಾಲಂ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಕ್ವೆರಿ ಓಡುತ್ತದೆ, ಆದರೆ ಊರಿನ ಹೆಸರನ್ನು ಊರಿನ ಕಾಲಂ ಜೊತೆ ಹೋಲಿಸುವ ಬದಲು ಆ ತಪ್ಪು ಪದದ ಜೊತೆ ಹೋಲಿಸುತ್ತದೆ. ಇದು ಆಗಬಾರದಿತ್ತು ಎಂದು ಎಸ್‌ಕ್ಯೂಲೈಟ್‌ನ ಅಧಿಕೃತ ಕೈಪಿಡಿಯೇ ಈಗ ಒಪ್ಪುತ್ತದೆ. ಮೈಎಸ್‌ಕ್ಯೂಎಲ್‌ನದು ಇದಕ್ಕಿಂತ ದೊಡ್ಡ ಕಥೆ. ಊರುವಾರು ಚಂದಾ ಮೊತ್ತ ಕೂಡಿಸಿ, ಪಕ್ಕದಲ್ಲಿ ಸದಸ್ಯರ ಹೆಸರನ್ನೂ ಕೇಳಿದಿರಿ ಎನ್ನಿ. ಒಂದು ಊರಿನಲ್ಲಿ ನಲವತ್ತು ಸದಸ್ಯರಿದ್ದರೆ ಆ ಒಂದು ಸಾಲಿನಲ್ಲಿ ಯಾರ ಹೆಸರು ಬರಬೇಕು? ಪ್ರಶ್ನೆಯೇ ಅಪೂರ್ಣ. ಹಳೆಯ ಮೈಎಸ್‌ಕ್ಯೂಎಲ್ ತನಗೆ ಸಿಕ್ಕ ಯಾವುದೋ ಒಂದು ಹೆಸರು ಕೊಟ್ಟು ಸುಮ್ಮನಾಗುತ್ತಿತ್ತು. ಕಾಲಂನಲ್ಲಿ ಹಿಡಿಸದಷ್ಟು ಉದ್ದದ ಪಠ್ಯ ಬಂದರೆ ಕತ್ತರಿಸಿ ತುಂಬಿಕೊಂಡು ಒಂದು ಎಚ್ಚರಿಕೆ ಬರೆದಿಡುತ್ತಿತ್ತು. ಆ ಎಚ್ಚರಿಕೆಯನ್ನು ಓದುವವರು ವಿರಳ. 2015ರಲ್ಲಿ ಬಂದ 5.7ನೇ ಆವೃತ್ತಿಯಿಂದ ಇವೆರಡೂ ತಾವಾಗಿಯೇ ಎರರ್ ಆದವು. ವರ್ಷಗಟ್ಟಲೆ ಓಡುತ್ತಿದ್ದ ಕ್ವೆರಿಗಳು ಒಮ್ಮೆಲೇ 1055 ಎಂಬ ಸಂಖ್ಯೆ ತೋರಿಸಿ ನಿಂತವು. ಅವು ಅಂದು ಕೆಟ್ಟವಲ್ಲ. ಮೊದಲಿನಿಂದಲೂ ಕೆಟ್ಟೇ ಇದ್ದವು, ಅಂದು ಗೊತ್ತಾಯಿತು.

ಕನ್ನಡದ ಮಾಹಿತಿಗೆ ಬಂದರೆ ಈ ಮೌನ ಇನ್ನೂ ದಟ್ಟ. ಕ್ವೀನ್ಸ್‌ಬರಿ ಎಂಬ ಹೆಸರನ್ನೇ ಕನ್ನಡದಲ್ಲಿ ಟೈಪ್ ಮಾಡಿ ನೋಡಿ. 'ಸ್' ಮತ್ತು 'ಬ' ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ತಡೆಯಲು ಅವುಗಳ ನಡುವೆ ಅಗಲವಿಲ್ಲದ ಒಂದು ಅಕ್ಷರ ಇರುತ್ತದೆ. ಯೂನಿಕೋಡ್‌ನಲ್ಲಿ ಅದಕ್ಕೆ ತನ್ನದೇ ಸಂಖ್ಯೆ ಇದೆ, ಕಣ್ಣಿಗೆ ಮಾತ್ರ ಕಾಣದು. ಒಬ್ಬರು ಅದನ್ನು ಹಾಕುತ್ತಾರೆ, ಒಬ್ಬರು ಹಾಕುವುದಿಲ್ಲ. 'ಪಾರ್ಕ್' ಎಂಬಂಥ ಪದದ ಕೊನೆಯಲ್ಲಿ ಬಂದು ಕೂತರಂತೂ ಅದು ಇರುವುದೇ ತಿಳಿಯುವುದಿಲ್ಲ. ಸಾಲದೆಂಬಂತೆ 'ಕ್ವೀ'ಯ ದೀರ್ಘವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘದ ಚಿಹ್ನೆ ಎಂದು ಎರಡು ಸಂಕೇತಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಬೈಟ್‌ಗಳನ್ನೇ ಹೋಲಿಸುವ ಡೇಟಾಬೇಸಿಗೆ ಇವೆಲ್ಲ ಬೇರೆ ಬೇರೆ ಊರುಗಳು. ಕ್ವೆರಿ ಕಂಪೈಲ್ ಆಗುತ್ತದೆ, ಓಡುತ್ತದೆ, ಸೊನ್ನೆ ಸಾಲು ಎನ್ನುತ್ತದೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕನ್ನಡ ಪಠ್ಯದ ಹಿಂದೆ ಎನ್ ಅಕ್ಷರ ಹಾಕುವುದನ್ನು ಮರೆತರೆ, ಸಾಮಾನ್ಯ ಹೊಂದಾಣಿಕೆಯಲ್ಲಿ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಒಳಹೋಗುತ್ತವೆ. ಎರರ್ ಇಲ್ಲ; ಹೋದ ಅಕ್ಷರ ವಾಪಸು ಬರುವುದೂ ಇಲ್ಲ. ಮತ್ತೊಂದು ತೊಡಕು ಹೆಸರಿನದೇ. ಎರಡು ಟೇಬಲ್‌ಗಳಲ್ಲೂ 'ಊರು' ಎಂಬ ಕಾಲಂ ಇದ್ದು, ಯಾವುದೆಂದು ಹೇಳದೆ ಕೇಳಿದರೆ ಅಸ್ಪಷ್ಟ ಎಂದು ಡೇಟಾಬೇಸ್ ನಿಲ್ಲುತ್ತದೆ, ತಾನೇ ಊಹಿಸುವುದಿಲ್ಲ. ಆದರೆ ಯಾರ್ಕ್‌ಷೈರ್‌ನ ಬ್ರಾಡ್‌ಫರ್ಡ್ ಬಳಿಯೂ ಒಂದು ಕ್ವೀನ್ಸ್‌ಬರಿ ಇದೆ, ಬ್ಲ್ಯಾಕ್ ಡೈಕ್ ವಾದ್ಯವೃಂದದ ತವರು ಅದು. ಊರಿನ ಹೆಸರು ನೋಡಿ ಎರಡು ಟೇಬಲ್ ಜೋಡಿಸಿದರೆ ಲಂಡನ್ನಿನವರ ಲೆಕ್ಕಕ್ಕೆ ಯಾರ್ಕ್‌ಷೈರ್‌ನವರೂ ಸೇರುತ್ತಾರೆ. ಅಲ್ಲಿ ಅಸ್ಪಷ್ಟ ಎಂದು ಯಾರೂ ಹೇಳುವುದಿಲ್ಲ. ಮದ್ದು ಇಲ್ಲಿಯೂ ಅದೇ. ಊರುಗಳಿಗೊಂದು ಮೂಲ ಟೇಬಲ್ ಮಾಡಿ ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಉಳಿದ ಟೇಬಲ್‌ಗಳು ಆ ಸಂಖ್ಯೆಯನ್ನೇ ಬಳಸಬೇಕೆಂದು ಫಾರಿನ್ ಕೀ ಹಾಕಬೇಕು. ಕನ್ನಡ ಪಠ್ಯ ಒಳಬರುವಾಗಲೇ ಯೂನಿಕೋಡ್‌ನ ಒಂದು ರೂಪಕ್ಕೆ ತರಬೇಕು. ಪೋಸ್ಟ್‌ಗ್ರೆಸ್‌ನಲ್ಲಿ 13ನೇ ಆವೃತ್ತಿಯಿಂದ ಅದಕ್ಕೆ ಸಿದ್ಧ ಫಂಕ್ಷನ್ ಇದೆ. ಆ ಅಗಲವಿಲ್ಲದ ಅಕ್ಷರವನ್ನು ಅದು ತೆಗೆಯುವುದಿಲ್ಲ, ಅದಕ್ಕೆ ಬೇರೆಯೇ ನಿಯಮ ಬೇಕು. ಆಗ ಹೊಂದದ ಹೆಸರು ಒಳಗೆ ಬರುವ ಮೊದಲೇ ಎರರ್ ಆಗುತ್ತದೆ.

ಅನುಭವಿಗಳ ಆಕ್ಷೇಪವೂ ಒಂದಿದೆ, ಅದಕ್ಕೆ ತೂಕವಿದೆ. ಕ್ವೆರಿಗಳು ಸಾಮಾನ್ಯವಾಗಿ ಜಾವಾದಂಥ ಬೇರೆ ಭಾಷೆಯ ಪ್ರೋಗ್ರಾಮಿನೊಳಗೆ ಬರಿಯ ಪಠ್ಯವಾಗಿ ಕೂತಿರುತ್ತವೆ. ಪ್ರೋಗ್ರಾಂ ಕಂಪೈಲ್ ಆದಾಗ ಅವುಗಳನ್ನು ಯಾರೂ ಓದುವುದಿಲ್ಲ, ತಪ್ಪು ತಿಳಿಯುವುದು ಓಡಿಸಿದಾಗಲೇ ಎನ್ನುತ್ತಾರೆ. ಸರಿಯಾದ ಮಾತು. ಡೇಟಾಬೇಸಿನೊಳಗೇ ಇರುವ ಪ್ರೊಸೀಜರ್‌ಗಳ ವಿಷಯದಲ್ಲೂ ಇದು ಭಾಗಶಃ ನಿಜ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇರುವ ಟೇಬಲ್‌ನ ಇಲ್ಲದ ಕಾಲಂ ಕೇಳುವ ಪ್ರೊಸೀಜರ್ ಸೃಷ್ಟಿಯಾಗುವುದಿಲ್ಲ. ಇಲ್ಲದ ಟೇಬಲ್ಲನ್ನೇ ಕೇಳಿದರೆ ಮಾತ್ರ, ಮುಂದೆಂದೋ ಬರಬಹುದೆಂದು, ಸುಮ್ಮನೆ ಸೃಷ್ಟಿಯಾಗಿಬಿಡುತ್ತದೆ. ಒರಾಕಲ್ ತಪ್ಪಿರುವ ಪ್ರೊಸೀಜರನ್ನೂ ಸೃಷ್ಟಿಸಿ, ಕಂಪೈಲ್ ದೋಷಗಳೊಂದಿಗೆ ಸೃಷ್ಟಿಯಾಗಿದೆ ಎನ್ನುತ್ತದೆ. ದೋಷವೇನೆಂದು ತಿಳಿಯಲು ಷೋ ಎರರ್ಸ್ ಎಂದು ಮತ್ತೆ ಕೇಳಬೇಕು. ಸೃಷ್ಟಿಯಾಗಿದೆ ಎಂಬ ಪದ ನೋಡಿ ಎದ್ದುಹೋದವರು ಮಾರನೆಯ ದಿನ ಪರದಾಡುತ್ತಾರೆ. ಆದರೆ ಈ ಆಕ್ಷೇಪದಿಂದ ನನ್ನ ವಾದ ಬೀಳುವುದಿಲ್ಲ, ಗಟ್ಟಿಯಾಗುತ್ತದೆ. ತಡವಾಗಿ ಸಿಗುವ ತಪ್ಪನ್ನು ಬೇಗ ಹಿಡಿಯುವ ದಾರಿ ಹುಡುಕುವುದೇ ಅದಕ್ಕೆ ಉತ್ತರ. 2007ರಲ್ಲಿ ಮೈಕ್ರೋಸಾಫ್ಟ್ ಸಿ ಷಾರ್ಪ್ ಭಾಷೆಯೊಳಗೇ ಕ್ವೆರಿ ಬರೆಯುವ ಲಿಂಕ್ ಎಂಬ ಸೌಲಭ್ಯ ತಂದದ್ದರಿಂದ, ಕ್ವೆರಿಯಲ್ಲಿ ತಪ್ಪಿದ ಹೆಸರು ಪ್ರೋಗ್ರಾಂ ಕಂಪೈಲ್ ಆಗುವಾಗಲೇ ಸಿಕ್ಕಿಬೀಳುವಂತಾಯಿತು. ಅಂಥದ್ದಿಲ್ಲದ ಕಡೆ, ಪ್ರೋಗ್ರಾಮಿನಲ್ಲಿರುವ ಪ್ರತಿ ಕ್ವೆರಿಯನ್ನೂ ಖಾಲಿ ಡೇಟಾಬೇಸಿನ ಮೇಲೆ ಒಮ್ಮೆ ಓಡಿಸಿ ನೋಡುವ ಪರೀಕ್ಷೆ ಸಾಕು. ಹೆಸರು ಬದಲಾದ ಕಾಲಂಗಳೆಲ್ಲ ಅಲ್ಲೇ ಸಿಗುತ್ತವೆ.

ಇಷ್ಟೆಲ್ಲ ಕಟ್ಟುನಿಟ್ಟಿನಿಂದ ಕೆಲಸ ನಿಧಾನವಾಗುವುದಿಲ್ಲವೇ ಎಂದು ಕೇಳುವವರಿಗೆ 2020ರ ಇಂಗ್ಲೆಂಡನ್ನು ತೋರಿಸಬೇಕು. ಕೊರೊನಾ ಎರಡನೇ ಅಲೆ ಏರುತ್ತಿದ್ದ ಹೊತ್ತು. ಪ್ರಯೋಗಾಲಯಗಳಿಂದ ಬಂದ ಫಲಿತಾಂಶಗಳನ್ನು ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಎಕ್ಸೆಲ್‌ನ ಹಳೆಯ ಮಾದರಿಯ ಕಡತದ ಮೂಲಕ ಸಾಗಿಸುತ್ತಿತ್ತು. ಆ ಮಾದರಿಯಲ್ಲಿ 65,536ಕ್ಕಿಂತ ಹೆಚ್ಚು ಸಾಲು ಹಿಡಿಯುವುದಿಲ್ಲ. ಮೇಲೆ ಬಂದ ಸಾಲುಗಳು ಬಿದ್ದುಹೋದವು; ಕೆಲಸ ನಿಲ್ಲಲಿಲ್ಲ. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಸೋಂಕಿತರು ದಿನದ ಲೆಕ್ಕದಿಂದ ಹೊರಗುಳಿದರು, ಅವರ ಸಂಪರ್ಕಕ್ಕೆ ಬಂದವರಿಗೆ ಎಚ್ಚರಿಕೆ ಹೋಗುವುದು ತಡವಾಯಿತು. ಸಾಲು ಹಿಡಿಸುತ್ತಿಲ್ಲ ಎಂದು ಮೊದಲ ದಿನವೇ ಕಡತ ನಿಂತುಬಿಟ್ಟಿದ್ದರೆ ಯಾರಿಗೋ ಒಂದು ಸಂಜೆ ಹಾಳಾಗುತ್ತಿತ್ತು. ನಿಧಾನದ ಲೆಕ್ಕ ಹಾಕುವಾಗ ಈ ವಾರವನ್ನೂ ಕೂಡಿಸಬೇಕು.

ಈಗ ಎರರ್ ಬಂದ ಕೂಡಲೇ ಅದನ್ನು ಎಐ ಸಹಾಯಕನಿಗೆ ಅಂಟಿಸಿ, ಅದು ಕೊಟ್ಟದ್ದನ್ನು ವಾಪಸು ಅಂಟಿಸುವುದು ರೂಢಿಯಾಗುತ್ತಿದೆ. ಹಾಗೆ ಸಹಾಯ ಪಡೆಯುವುದರಲ್ಲಿ ತಪ್ಪಿಲ್ಲ. ಅರ್ಥವಾಗದ ಮೆಸೇಜನ್ನು ಬಿಡಿಸಿ ಹೇಳುವುದರಲ್ಲಿ ಅದು ನಿಜಕ್ಕೂ ನೆರವಾಗುತ್ತದೆ. ಆದರೆ ಮೈಎಸ್‌ಕ್ಯೂಎಲ್‌ನ ಆ 1055ನ್ನೇ ತೆಗೆದುಕೊಳ್ಳಿ. ಅದನ್ನು ಓಡಿಸುವ ದಾರಿಗಳು ಹಲವು. ಕಟ್ಟುನಿಟ್ಟಿನ ಆ ನಿಯಮವನ್ನೇ ಆಫ್ ಮಾಡಬಹುದು. ಆಗ ಊರಿಗೆ ಯಾರದೋ ಒಂದು ಹೆಸರು ಬರುತ್ತದೆ. ಸದಸ್ಯರ ಹೆಸರನ್ನೂ ಗ್ರೂಪ್ ಬೈಗೆ ಸೇರಿಸಬಹುದು. ಆಗ ಊರುವಾರು ಲೆಕ್ಕ ಒಡೆದು ಸದಸ್ಯವಾರು ಲೆಕ್ಕವಾಗುತ್ತದೆ. ಹೆಸರನ್ನೇ ಕೈಬಿಡಬಹುದು; ಆಗ ಮೊತ್ತ ಮಾತ್ರ ಸಿಗುತ್ತದೆ. ಅತಿ ಹೆಚ್ಚು ಚಂದಾ ಕೊಟ್ಟವರ ಹೆಸರು ಬೇಕೆಂದಿದ್ದರೆ ಕ್ವೆರಿಯನ್ನು ಬೇರೆ ರೀತಿಯೇ ಬರೆಯಬೇಕು. ನಾಲ್ಕರಲ್ಲೂ ಎರರ್ ಮಾಯವಾಗುತ್ತದೆ, ನಾಲ್ಕೂ ಕೊಡುವ ಪಟ್ಟಿ ಬೇರೆ. ಯಾವುದು ಬೇಕು ಎಂಬುದು ಆ ಎರರ್ ಮೆಸೇಜಿನಲ್ಲೂ ಇಲ್ಲ, ಟೇಬಲ್‌ನಲ್ಲೂ ಇಲ್ಲ. ಪಟ್ಟಿ ಕೇಳಿದ ಖಜಾಂಚಿಗೆ ಮಾತ್ರ ಗೊತ್ತು. ಆದ್ದರಿಂದ ಸೂಚನೆ ಎಲ್ಲಿಂದಲೇ ಬರಲಿ, ಅದನ್ನು ಹಾಕುವ ಮುನ್ನ ಖಜಾಂಚಿಯನ್ನು ಕೇಳಬೇಕು. ಹಾಕಿದ ಮೇಲೆ ನಾಲ್ಕೈದು ಸದಸ್ಯರಷ್ಟೇ ಇರುವ ಒಂದು ಊರಿನ ಮೊತ್ತವನ್ನು ರಸೀದಿ ಪುಸ್ತಕ ಹಿಡಿದು ಕೈಯಲ್ಲಿ ಕೂಡಿ ತಾಳೆ ನೋಡಬೇಕು. ಅಳಿಸುವ ಕ್ವೆರಿಯಾದರೆ ಡಿಲೀಟ್ ಬದಲು ಮೊದಲು ಸೆಲೆಕ್ಟ್ ಹಾಕಿ ಎಷ್ಟು ಸಾಲು ಬರುತ್ತದೆಂದು ನೋಡಿ, ಆ ಸಂಖ್ಯೆ 'ಹೊರಟವರು' ಪಟ್ಟಿಯ ಸಂಖ್ಯೆಗೆ ಸರಿಹೊಂದಿದರೆ ಮಾತ್ರ ಮುಂದುವರಿಯಬೇಕು.